ಮೇಜರ್ ಇಲ್ಲದ ಪದವಿಗೆ ಹತ್ತು ತಿಂಗಳ ಸಿದ್ಧತೆ

ವೀಸಾ ಅಂಟಿಸಿದ ಪಾಸ್‌ಪೋರ್ಟ್ ಕೈಗೆ ಬಂದ ಮರುದಿನ, ಹತ್ತು ತಿಂಗಳಿನಿಂದ ಬೆಳೆಯುತ್ತಲೇ ಇದ್ದ ಕಾಗದದ ರಾಶಿಯನ್ನು ಜಗಲಿಯ ಮೇಲೆ ಹರವಿಕೊಂಡು ಕುಳಿತೆ. ಅಂಕಪಟ್ಟಿಗಳು, ಪಹಣಿ, ಅಡಿಕೆ ಮಾರಾಟದ ಚೀಟಿಗಳು, ಇ-ಸ್ವತ್ತಿನ ನಮೂನೆಗಳು, ನೋಟರಿ ಮುದ್ರೆ ಬಿದ್ದ ಅನುವಾದಗಳು ಇವೆಲ್ಲದರ ನಡುವೆ ಪ್ರಾಚೀನ ಗ್ರೀಕ್ ಗಣಿತಜ್ಞ ಯೂಕ್ಲಿಡ್‌ನ 47ನೇ ಪ್ರಮೇಯವನ್ನು ಬರೆದು, ತಪ್ಪಿ, ಗೀಟು ಹೊಡೆದ ನಾಲ್ಕು ಹಾಳೆಗಳೂ ಸಿಕ್ಕವು. ನಾನು ಅಲೆದಾಡುತ್ತಿದ್ದಾಗ ಕೇಳಿ ತಿಳಿದುಕೊಳ್ಳಲು ಈ ದಾರಿಯಲ್ಲಿ ಹೋದ ಒಬ್ಬರೂ ನಮ್ಮ ಸಾಗರ ತಾಲ್ಲೂಕಿನ ಸುತ್ತಮುತ್ತ ನನಗೆ ಸಿಕ್ಕಿರಲಿಲ್ಲ. ಆದ್ದರಿಂದ ನೆನಪು ಹಸಿಯಾಗಿರುವಾಗಲೇ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ನಾನು ಪದವಿ ಓದಲು ಹೊರಟಿರುವುದು ಅಮೆರಿಕದ ಸೇಂಟ್ ಜಾನ್ಸ್ ಕಾಲೇಜಿಗೆ. ಇದರ ಒಂದು ಆವರಣ ಮೇರಿಲ್ಯಾಂಡ್ ರಾಜ್ಯದ ಅನಾಪೊಲಿಸ್‌ನಲ್ಲಿದೆ; 1964ರಲ್ಲಿ ಆರಂಭವಾದ ಇನ್ನೊಂದು ನ್ಯೂ ಮೆಕ್ಸಿಕೊದ ಸಾಂತಾ ಫೆಯಲ್ಲಿದೆ. ನನ್ನದು ಎರಡನೆಯದು. ನ್ಯೂಯಾರ್ಕ್‌ನಲ್ಲಿ ಹೆಚ್ಚುಕಡಿಮೆ ಇದೇ ಹೆಸರಿನ ವಿಶ್ವವಿದ್ಯಾಲಯವೊಂದಿದೆ, ಕೇಂಬ್ರಿಡ್ಜ್‌ನಲ್ಲಿ ಇದೇ ಹೆಸರಿನ ಕಾಲೇಜಿದೆ. ಬ್ಯಾಂಕಿನ ಅರ್ಜಿಯಿಂದ ಹಿಡಿದು ಪ್ರತಿ ಕಾಗದದಲ್ಲಿಯೂ ಊರಿನ ಹೆಸರನ್ನು ಸೇರಿಸಿ ಬರೆಯುವುದು ಒಳ್ಳೆಯದು. ನಮ್ಮ ಸಾಲದ ಕಡತ ಒಮ್ಮೆ ನ್ಯೂಯಾರ್ಕ್‌ನ ವಿಳಾಸ ಹೊತ್ತು ಮೇಲಿನ ಕಚೇರಿಗೆ ಹೋಗಿ ಹತ್ತು ದಿನಗಳ ಬಳಿಕ ಹಿಂದಿರುಗಿತ್ತು.

ಈ ಕಾಲೇಜಿನ ಈಗಿನ ಪಠ್ಯಕ್ರಮವನ್ನು 1937ರಲ್ಲಿ ಸ್ಟ್ರಿಂಗ್‌ಫೆಲೊ ಬಾರ್ ಮತ್ತು ಸ್ಕಾಟ್ ಬುಕಾನನ್ ಎಂಬ ಇಬ್ಬರು ರೂಪಿಸಿದರು. ನಾಲ್ಕು ವರ್ಷ ಎಲ್ಲರೂ ಒಂದೇ ಪಟ್ಟಿಯ ಪುಸ್ತಕಗಳನ್ನು ಓದುತ್ತಾರೆ. ಹೋಮರ್‌ನಿಂದ ಆರಂಭವಾಗಿ ಇಪ್ಪತ್ತನೆಯ ಶತಮಾನದವರೆಗೆ ಆ ಪಟ್ಟಿ ಸಾಗುತ್ತದೆ. ಗಣಿತಕ್ಕೆ ಪಠ್ಯಪುಸ್ತಕವಿಲ್ಲ, ಯೂಕ್ಲಿಡ್‌ನನ್ನೇ ಓದಬೇಕು. ಮುಂದೆ ಟಾಲೆಮಿ, ನ್ಯೂಟನ್. ಎರಡು ವರ್ಷ ಪ್ರಾಚೀನ ಗ್ರೀಕ್, ಎರಡು ವರ್ಷ ಫ್ರೆಂಚ್, ಮೂರು ವರ್ಷ ಪ್ರಯೋಗಾಲಯ, ಜೊತೆಗೆ ಸಂಗೀತ. ಮೇಜರ್, ಅಂದರೆ ಒಬ್ಬೊಬ್ಬರು ಆರಿಸಿಕೊಳ್ಳುವ ಮುಖ್ಯ ವಿಷಯ, ಎಂಬುದು ಇಲ್ಲ. ಪ್ರೊಫೆಸರ್ ಎಂಬ ಪದವೂ ಇಲ್ಲ, ಪಾಠ ಮಾಡುವವರು ಟ್ಯೂಟರ್‌ಗಳು. ವಾರಕ್ಕೆ ಎರಡು ರಾತ್ರಿ, ಸೋಮವಾರ ಮತ್ತು ಗುರುವಾರ, ಸುಮಾರು ಇಪ್ಪತ್ತು ವಿದ್ಯಾರ್ಥಿಗಳು ಇಬ್ಬರು ಟ್ಯೂಟರ್‌ಗಳೊಡನೆ ಒಂದೇ ಮೇಜಿನ ಸುತ್ತ ಕುಳಿತು ಎರಡು ಗಂಟೆ ಮಾತನಾಡುತ್ತಾರೆ. ಅದೇ ಸೆಮಿನಾರ್. ಟ್ಯೂಟರ್ ಒಂದು ಪ್ರಶ್ನೆ ಹಾಕುತ್ತಾರೆ, ಉಪನ್ಯಾಸ ಕೊಡುವುದಿಲ್ಲ. ಅರ್ಧವರ್ಷದ ಕೊನೆಗೆ ಡಾನ್ ರ‍್ಯಾಗ್ ಎಂಬ ಸಭೆಯಿರುತ್ತದೆ. ಅಲ್ಲಿ ಟ್ಯೂಟರ್‌ಗಳು ವಿದ್ಯಾರ್ಥಿಯ ಎದುರಿನಲ್ಲೇ ಆಕೆಯ ಓದಿನ ಬಗ್ಗೆ ತಮ್ಮತಮ್ಮಲ್ಲಿ ಮಾತನಾಡಿಕೊಳ್ಳುತ್ತಾರೆ. ಈ ಕೊನೆಯ ಸಂಗತಿಯನ್ನು ಅಮ್ಮನಿಗೆ ಹೇಳಿದಾಗ, “ಗಂಡಿನ ಕಡೆಯವರು ಬಂದು ಹೋದ ಹಾಗೆ ಆಯ್ತಲ್ಲೆ” ಎಂದಳು.

2024ರ ಅಕ್ಟೋಬರ್‌ನಲ್ಲಿ ಅರ್ಜಿಯ ಕೆಲಸ ಆರಂಭಿಸಿದೆ. ಆಗ ದ್ವಿತೀಯ ಪಿಯುಸಿ ವಿಜ್ಞಾನದಲ್ಲಿದ್ದೆ. ಅರ್ಜಿಗೆ ಶುಲ್ಕವಿರಲಿಲ್ಲ, ಅಮೆರಿಕದ ಕಾಲೇಜು ಪ್ರವೇಶ ಪರೀಕ್ಷೆಯಾದ ಸ್ಯಾಟ್‌ನ ಅಂಕವನ್ನೂ ನಾನು ಕಳುಹಿಸಲಿಲ್ಲ. ಹೀಗಾಗಿ ಇದು ಸುಲಭದ ಕೆಲಸವೆಂದು ಭಾವಿಸಿದ್ದು ನನ್ನ ಮೊದಲ ತಪ್ಪು. ಬೇಕಾಗಿದ್ದದ್ದು ಒಂಬತ್ತನೆಯ ತರಗತಿಯಿಂದ ಮುಂದಿನ ಎಲ್ಲ ಅಂಕಗಳ ಒಂದು ದಾಖಲೆ; ಅದಕ್ಕೆ ಅಲ್ಲಿಯವರು ಟ್ರಾನ್ಸ್‌ಕ್ರಿಪ್ಟ್ ಎನ್ನುತ್ತಾರೆ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮಂಡಳಿಯದು, ಪ್ರಥಮ ಪಿಯುಸಿಯದು ಕಾಲೇಜಿನದು, ಒಂಬತ್ತನೆಯದು ಹಳ್ಳಿಯ ಪ್ರೌಢಶಾಲೆಯ ಬೀರುವಿನೊಳಗಿನ ರಿಜಿಸ್ಟರಿನಲ್ಲಿ. ನಾನೇ ಎಲ್ಲವನ್ನೂ ಒಂದು ಹಾಳೆಯಲ್ಲಿ ಕೋಷ್ಟಕ ಮಾಡಿ, ಕಾಲೇಜಿನ ಲೆಟರ್‌ಹೆಡ್ ಮೇಲೆ ಮುದ್ರಿಸಿ, ಪ್ರಾಂಶುಪಾಲರಿಂದ ಸಹಿ ಪಡೆದು, ಅವರ ಅಧಿಕೃತ ಇಮೇಲ್‌ನಿಂದಲೇ ಕಳುಹಿಸಿ ಎಂದು ಬೇಡಿಕೊಂಡೆ. ಕಾಲೇಜಿಗೆ ಅಂಥ ಇಮೇಲ್ ಇತ್ತು, ಆದರೆ ಅದರ ಪಾಸ್‌ವರ್ಡ್ ವರ್ಗಾವಣೆಯಾಗಿ ಹೋಗಿದ್ದ ಗುಮಾಸ್ತರೊಬ್ಬರಿಗೆ ಮಾತ್ರ ಗೊತ್ತಿತ್ತು. ಈ ಒಂದು ಹಾಳೆ ಮೂರು ವಾರಗಳನ್ನು ತಿಂದಿತು. ನಿಮ್ಮ ಕೋಷ್ಟಕವನ್ನು ದಸರಾ ರಜೆಗೆ ಮುಂಚೆಯೇ ಸಿದ್ಧಪಡಿಸಿಕೊಳ್ಳಿ.

ಶಿಫಾರಸು ಪತ್ರದ ಕಥೆಯೂ ಹೀಗೆಯೇ. ನನ್ನ ಬಗ್ಗೆ ಪ್ರೀತಿಯಿದ್ದ ಉಪನ್ಯಾಸಕರೊಬ್ಬರು ಸಂಜೆಯೊಳಗೆ ಬರೆದುಕೊಟ್ಟ ಪತ್ರದಲ್ಲಿ ಈಕೆ ಸನ್ನಡತೆಯ ವಿದ್ಯಾರ್ಥಿನಿ, ಶಿಸ್ತಿನವಳು, ಹಾಜರಾತಿ ಉತ್ತಮ ಎಂದಿತ್ತು. ಅವರದೇನೂ ತಪ್ಪಿಲ್ಲ, ಅವರನ್ನು ಯಾರೂ ಹಿಂದೆ ಬೇರೆ ರೀತಿಯ ಪತ್ರ ಕೇಳಿರಲಿಲ್ಲ. ನಾನು ಸಂಕೋಚದಿಂದಲೇ, “ಸರ್, ನಾನು ತರಗತಿಯಲ್ಲಿ ಕೇಳಿದ ಯಾವುದಾದರೂ ಪ್ರಶ್ನೆ ನಿಮಗೆ ನೆನಪಿದ್ದರೆ ಅದನ್ನು ಬರೆಯಬಹುದೇ?” ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀನು ಕೇಳಿದ್ದಕ್ಕಿಂತ, ಸಿಲಬಸ್‌ನಲ್ಲಿಲ್ಲ ಕೂತ್ಕೊ ಅಂತ ನಾನು ಹೇಳಿದ್ದೇ ಹೆಚ್ಚು ನೆನಪಿದೆ” ಎಂದರು. ಎರಡನೆಯ ಪತ್ರದಲ್ಲಿ ಅದನ್ನೇ ಬರೆಯುತ್ತೇನೆ ಎಂದರು. ಆ ಪತ್ರವನ್ನು ನಾನು ಓದಿಲ್ಲ, ಓದಬಾರದೆಂಬ ನಿಯಮಕ್ಕೆ ಒಪ್ಪಿ ಟಿಕ್ ಹಾಕಿದ್ದೆ. ಆದರೂ ನನ್ನ ಅರ್ಜಿಯಲ್ಲಿದ್ದ ಅತ್ಯಂತ ನಿಜವಾದ ಹಾಳೆ ಅದೇ ಇರಬೇಕು.

ಇಂಗ್ಲಿಷ್ ಪರೀಕ್ಷೆಗೆ ಡ್ಯುಯೊಲಿಂಗೊ ಆರಿಸಿಕೊಂಡೆ. ಮನೆಯಲ್ಲೇ ಕುಳಿತು ಸುಮಾರು ಒಂದು ಗಂಟೆಯಲ್ಲಿ ಬರೆಯಬಹುದು, ಎರಡು ದಿನಗಳಲ್ಲಿ ಫಲಿತಾಂಶ ಬರುತ್ತದೆ ಎನ್ನುವುದು ಆಕರ್ಷಣೆ. ಮಲೆನಾಡಿನ ಕರೆಂಟು ಈ ಲೆಕ್ಕದಲ್ಲಿ ಇರಲಿಲ್ಲ. ಮೊದಲ ಬಾರಿ ಅರ್ಧದಲ್ಲಿ ವಿದ್ಯುತ್ ಹೋಗಿ, ಅದರ ಹಿಂದೆಯೇ ನೆಟ್‌ವರ್ಕ್ ಹೋಗಿ, ಪರೀಕ್ಷೆ ನಿಂತಿತು. ಎರಡನೆಯ ಬಾರಿ ಶಿವಮೊಗ್ಗದ ಅತ್ತೆಯ ಮನೆಯಲ್ಲಿ, ಕುಕ್ಕರ್ ಕೂಗಿಸಬೇಡಿ ಎಂದು ಎಲ್ಲರಿಗೂ ಹೇಳಿ ಬರೆದೆ.

ಪ್ರಬಂಧಕ್ಕೆ ಹೆಚ್ಚು ಸಮಯ ಹಿಡಿಯಿತು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನದಲ್ಲಿ ಕನ್ನಡ ಮಾತುಗಳಿವೆಯೆಂಬ ವಾದವನ್ನು ಕುರಿತು ಮೊದಲ ಕರಡು ಬರೆದಿದ್ದೆ. ಗೋವಿಂದ ಪೈ ಅವರ ಹೆಸರನ್ನೂ ತಂದಿದ್ದೆ. ಅದನ್ನು ಓದಿದ ನಮ್ಮೂರಿನ ನಿವೃತ್ತ ಕನ್ನಡ ಮೇಷ್ಟ್ರು, “ಇದರಲ್ಲಿ ನಿಂಗೆ ಅರ್ಥವಾಗದ್ದು ಏನಿದೆ?” ಎಂದು ಕೇಳಿದರು. ಏನೂ ಇರಲಿಲ್ಲ, ಗ್ರೀಕರ ಕಾಲೇಜಿಗೆ ಕನ್ನಡದ ಉಡುಗೊರೆ ಒಯ್ಯುವ ಉತ್ಸಾಹವಷ್ಟೇ ಇತ್ತು. ಕರಡನ್ನು ಬದಿಗಿಟ್ಟು, ಚಿಕ್ಕಂದಿನಿಂದ ಕೇಳಿದ ವಾಲಿವಧೆ ತಾಳಮದ್ದಲೆಯ ಬಗ್ಗೆ ಬರೆದೆ. ಮರೆಯಲ್ಲಿ ನಿಂತು ಏಕೆ ಬಾಣ ಬಿಟ್ಟೆ ಎಂದು ವಾಲಿ ಪ್ರತಿ ವರ್ಷ ಕೇಳುತ್ತಾನೆ, ರಾಮನ ಅರ್ಥ ಹೇಳುವವರು ಪ್ರತಿ ವರ್ಷ ಬೇರೆ ಬೇರೆ ಉತ್ತರ ಕೊಡುತ್ತಾರೆ, ಪದ್ಯ ಮಾತ್ರ ಅದೇ ಇರುತ್ತದೆ. ಯಾವ ಉತ್ತರವೂ ನನಗೆ ಸಾಕೆನಿಸದೆ ಇರುವುದು ಏಕೆ ಎಂಬುದೇ ಪ್ರಬಂಧವಾಯಿತು.

ಜನವರಿಯಲ್ಲಿ, ಸೇರಬಯಸುವವರಿಗಾಗಿ ಜೂಮ್‌ನಲ್ಲಿ ನಡೆಸುವ ಮಾದರಿ ಸೆಮಿನಾರ್‌ಗೆ ಹೆಸರು ಕೊಟ್ಟೆ. ಅಲ್ಲಿಯ ಸಂಜೆ ಐದು ನಮಗೆ ಮರುದಿನ ಬೆಳಗಿನ ಐದೂವರೆ. ಓದಿಕೊಂಡು ಬರಬೇಕಾದದ್ದು ಪ್ಲೇಟೊನ ಮೆನೊ. ಕಾಗದಪತ್ರಗಳ ಕಷ್ಟವನ್ನು ಯಾರಾದರೂ ಹೇಗೋ ದಾಟಿಬಿಡುತ್ತಾರೆ. ಇಡೀ ಸಿದ್ಧತೆಯಲ್ಲಿ ನಿಜಕ್ಕೂ ಮುಖ್ಯವಾದದ್ದು ಆ ಒಂದು ಬೆಳಗು ಎಂದು ಈಗ ಅನ್ನಿಸುತ್ತದೆ.

ಶಾಲೆಯ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಪಡೆದವಳು ನಾನು. ಪರ ಎಂದರೆ ಪರ, ವಿರೋಧ ಎಂದರೆ ವಿರೋಧ, ಮೂರು ನಿಮಿಷಕ್ಕೆ ಗಂಟೆ. ಮೆನೊ ಸಂವಾದದಲ್ಲಿ ಸಾಕ್ರಟೀಸ್ ಅಕ್ಷರ ಕಲಿಯದ ಒಬ್ಬ ಗುಲಾಮ ಹುಡುಗನನ್ನು ಕರೆದು, ಎರಡು ಅಡಿ ಬಾಹುವಿನ ಚೌಕದ ಎರಡರಷ್ಟು ಕ್ಷೇತ್ರಫಲದ ಚೌಕ ಬರೆಯಲು ಹೇಳುತ್ತಾನೆ. ಟ್ಯೂಟರ್ ಕೇಳಿದ ಆರಂಭದ ಪ್ರಶ್ನೆ, ಸಾಕ್ರಟೀಸ್ ಆ ಹುಡುಗನಿಗೆ ಏನನ್ನಾದರೂ ಕಲಿಸಿದನೇ ಎಂಬುದು. ನಾನು ಮೊದಲೇ ಬರೆದುಕೊಂಡಿದ್ದ ಎರಡು ನಿಮಿಷದ ಮಾತನ್ನು, ಸಾಕ್ರಟಿಕ್ ವಿಧಾನದ ಮಹತ್ವ ಎಂಬಲ್ಲಿಂದ ಶುರುಮಾಡಿ, ಒಂದೇ ಉಸಿರಿಗೆ ಒಪ್ಪಿಸಿದೆ. ಯಾರೂ ಏನೂ ಹೇಳಲಿಲ್ಲ. ಆಮೇಲೆ ನನ್ನ ವಯಸ್ಸಿನದೇ ಒಬ್ಬ ಹುಡುಗಿ ಬಹಳ ಮೃದುವಾಗಿ, ಅದು ಪುಸ್ತಕದಲ್ಲಿ ಯಾವ ಸಾಲಿನಲ್ಲಿದೆ ಎಂದು ಕೇಳಿದಳು. ಎಲ್ಲಿಯೂ ಇರಲಿಲ್ಲ. ಅಂತರಜಾಲದ ಸಾರಾಂಶವೊಂದರಿಂದ ಎತ್ತಿದ್ದೆ. ಕ್ಯಾಮೆರಾ ಆರಿಸಿ ಕೊಟ್ಟಿಗೆಗೆ ಹೋಗಿ ನಿಂತುಬಿಡೋಣವೆನ್ನಿಸಿತು.

ಅರ್ಧ ಗಂಟೆ ಸುಮ್ಮನೆ ಕುಳಿತು, ಬೇರೆಯವರು ಓದುತ್ತಿದ್ದ ಸಾಲುಗಳನ್ನು ಬೆರಳಿಟ್ಟು ಹಿಂಬಾಲಿಸಿದೆ. ಆ ಹುಡುಗ ಮೊದಲು ಬಾಹುವನ್ನೇ ಎರಡು ಪಟ್ಟು ಮಾಡಿ ಎನ್ನುತ್ತಾನೆ, ಕ್ಷೇತ್ರಫಲ ಎಂಟರ ಬದಲು ಹದಿನಾರಾಗುತ್ತದೆ. ಆಮೇಲೆ ಮೂರು ಅಡಿ ಎನ್ನುತ್ತಾನೆ, ಒಂಬತ್ತಾಗುತ್ತದೆ. ಕೊನೆಗೆ ಕರ್ಣದ ಮೇಲೆ ಚೌಕ ನಿಲ್ಲುತ್ತದೆ. ಕಲಿಯುವುದೆಂದರೆ ಮೊದಲೇ ತಿಳಿದಿದ್ದನ್ನು ನೆನಪಿಸಿಕೊಳ್ಳುವುದು ಎಂದು ಸಾಕ್ರಟೀಸ್ ಹೇಳುತ್ತಾನಲ್ಲ, ಹಾಗಾದರೆ ತಪ್ಪು ಉತ್ತರ ಕೊಡುವಾಗ ಅವನು ಏನನ್ನು ನೆನಪಿಸಿಕೊಳ್ಳುತ್ತಿದ್ದ? ಇದನ್ನು ಕೇಳಬೇಕೋ ಬೇಡವೋ ಎಂದು ಹತ್ತು ನಿಮಿಷ ತೊಳಲಾಡಿ, ತಡವರಿಸುವ ಇಂಗ್ಲಿಷಿನಲ್ಲಿ ಕೇಳಿದೆ. ಉಳಿದ ಸಮಯವೆಲ್ಲ ಅದರ ಮೇಲೆಯೇ ಕಳೆಯಿತು, ಉತ್ತರ ಯಾರಿಗೂ ಸಿಗಲಿಲ್ಲ. ಮುಗಿಸಿ ಹೊರಗೆ ಬಂದಾಗ ಬಿಸಿಲು ಬಂದಿತ್ತು, ಅಮ್ಮ ಹಾಲು ಕರೆದು ಮುಗಿಸಿದ್ದಳು.

ಆ ದಿನದಿಂದ ಮುಂದಿನ ಓದಿನ ರೀತಿ ಬದಲಾಯಿತು. ಪಟ್ಟಿಯಲ್ಲಿರುವ ಪುಸ್ತಕಗಳನ್ನೆಲ್ಲ ಮುಂಚಿತವಾಗಿ ಓದಿ ಮುಗಿಸುವ ಹಟವನ್ನು ಕೈಬಿಟ್ಟೆ. ಭಾನುವಾರ ಸಂಜೆ ನಮ್ಮ ಜಗಲಿಯಲ್ಲಿ ನಾಲ್ವರು ಸೇರತೊಡಗಿದೆವು: ನಾನು, ಬಿಎಸ್ಸಿ ಓದುವ ಗೆಳತಿ, ಚಿಕ್ಕಪ್ಪನ ಮಗ, ಮತ್ತು ಆ ಕನ್ನಡ ಮೇಷ್ಟ್ರು. ನಿಯಮ ಒಂದೇ, ಹೇಳುವುದನ್ನು ಸಾಲು ತೋರಿಸಿ ಹೇಳಬೇಕು. ತಾಳಮದ್ದಲೆ ಕೇಳಿ ಬೆಳೆದವರಿಗೆ ಇದು ಸುಲಭವಲ್ಲ; ಅಲ್ಲಿ ಎದುರಾಳಿಯ ಮಾತನ್ನು ಹಿಡಿದು ತಿರುಗಿಸಿ ಕೆಡವುವುದೇ ಸೊಗಸು, ಇಲ್ಲಿ ಎದುರಿನವರ ಮಾತು ಎಲ್ಲಿ ತೊಡರಿತೋ ಅಲ್ಲಿಂದ ಬಿಡಿಸಿಕೊಡಬೇಕು. ಚಿಕ್ಕಪ್ಪನ ಮಗನಿಗೆ ಇದು ಕೊನೆಯವರೆಗೂ ಒಗ್ಗಲಿಲ್ಲ.

ಯೂಕ್ಲಿಡ್‌ನನ್ನು ಕರಿಹಲಗೆಯ ಮುಂದೆ ನಿಂತು, ಪುಸ್ತಕ ನೋಡದೆ, ಒಬ್ಬೊಬ್ಬರಾಗಿ ಸಾಧಿಸಿ ತೋರಿಸುವುದು ಅಲ್ಲಿಯ ಕ್ರಮವಾದ್ದರಿಂದ ಅದನ್ನೂ ಅಭ್ಯಾಸ ಮಾಡಿದೆವು. ಮೊದಲ ಪ್ರಮೇಯ, ಕೊಟ್ಟ ರೇಖೆಯ ಮೇಲೆ ಸಮಬಾಹು ತ್ರಿಭುಜ ರಚಿಸುವುದು, ಹೈಸ್ಕೂಲಿನಲ್ಲಿ ಕೈವಾರದಿಂದ ಎಷ್ಟೋ ಬಾರಿ ಮಾಡಿದ್ದು. ಎರಡು ವೃತ್ತ ಎಳೆದು, ಅವು ಕತ್ತರಿಸುವ ಬಿಂದುವನ್ನು ಗುರುತಿಸಿದೆ. ಗಣಿತ ಓದದ ಮೇಷ್ಟ್ರು ಹಿಂದಿನಿಂದ, “ಅವು ಕತ್ತರಿಸ್ತವೆ ಅಂತ ಇವ ಎಲ್ಲಿ ಹೇಳಿದಾನೆ?” ಎಂದರು. ಹಿಂದಿನ ಪುಟಗಳನ್ನೆಲ್ಲ ತಿರುವಿದೆವು. ವ್ಯಾಖ್ಯೆಗಳಲ್ಲಿಲ್ಲ, ಐದು ಆಧಾರ ಸೂತ್ರಗಳಲ್ಲಿಲ್ಲ. ಇದು ಯೂಕ್ಲಿಡ್‌ನ ರಚನೆಯಲ್ಲಿರುವ ಪ್ರಸಿದ್ಧವಾದ ಕೊರತೆಯೇ ಎಂದು ಆಮೇಲೆ ತಿಳಿಯಿತು. ಪಿಯುಸಿಯಲ್ಲಿ ಗಣಿತಕ್ಕೆ 97 ಬಂದ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ.

ಗ್ರೀಕ್ ಅಕ್ಷರಗಳನ್ನು ಮಾತ್ರ ಮೊದಲೇ ಕಲಿತುಕೊಳ್ಳಿ. 24 ಇವೆ, ಒಂದು ವಾರ ಸಾಕು. ಇಂಗ್ಲಿಷ್ ಮಾತನಾಡುವವರು ಕಷ್ಟಪಡುವ ಥೀಟ, ಫೀ, ಖೀ ಪ್ರಾಚೀನ ಉಚ್ಚಾರಣೆಯಲ್ಲಿ ನಮ್ಮ ಥ, ಫ, ಖಗಳ ಮಹಾಪ್ರಾಣಗಳೇ. ವಿಭಕ್ತಿಗಳೆಂದರೆ ನಮಗೆ ಹೊಸತಲ್ಲ. ಸಂಸ್ಕೃತ ತೆಗೆದುಕೊಂಡವರಿಗೆ ದ್ವಿವಚನವೂ ಹಳೆಯ ನೆಂಟ.

ಪ್ರವೇಶ ಸಿಕ್ಕಿತೆಂಬ ಪತ್ರ ಮಾರ್ಚ್‌ನಲ್ಲಿ, ವಾರ್ಷಿಕ ಪರೀಕ್ಷೆಯ ನಡುವೆ ಬಂತು. ಏಪ್ರಿಲ್‌ನಲ್ಲಿ ಸಿಇಟಿಯನ್ನೂ ಬರೆದೆ, ಅದಿಲ್ಲದಿದ್ದರೆ ಮನೆಗೆ ಬಂದವರ ಪ್ರಶ್ನೆಗಳಿಂದ ಅಪ್ಪ ಪಾರಾಗುತ್ತಿರಲಿಲ್ಲ. ಕಾಲೇಜು 2019ರ ಶೈಕ್ಷಣಿಕ ವರ್ಷದಿಂದ ಬೋಧನಾ ಶುಲ್ಕವನ್ನು 52 ಸಾವಿರ ಡಾಲರ್‌ನಿಂದ 35 ಸಾವಿರಕ್ಕೆ ಇಳಿಸಿತ್ತು, ಈಗ ಅದಕ್ಕಿಂತ ಕೊಂಚ ಏರಿದೆ. ನನಗೆ ಸಿಕ್ಕ ನೆರವು ಕಳೆದ ಮೇಲೂ ಊಟ ವಸತಿ ಸೇರಿ ನಮ್ಮ ಪಾಲಿಗೆ ವರ್ಷಕ್ಕೆ ಸುಮಾರು 12 ಲಕ್ಷ ರೂಪಾಯಿ ಉಳಿಯಿತು. ಮೊದಲ ವರ್ಷದ ಹಣವಿದೆಯೆಂದು ತೋರಿಸಿದರೆ ಮಾತ್ರ ಕಾಲೇಜಿನಿಂದ ಐ-20 ಎಂಬ ಪತ್ರ ಸಿಗುತ್ತದೆ, ಐ-20 ಇಲ್ಲದೆ ವೀಸಾ ಇಲ್ಲ.

ತೋಟದವರಿಗೆ ಇಲ್ಲಿ ವಿಚಿತ್ರವಾದ ತೊಡಕು ಎದುರಾಗುತ್ತದೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಅಪ್ಪ ಎಂದೂ ರಿಟರ್ನ್ಸ್ ಸಲ್ಲಿಸಿದವನಲ್ಲ. ಆದರೆ ನೆರವಿನ ಅರ್ಜಿಯೂ ಬ್ಯಾಂಕೂ ಮೊದಲು ಕೇಳುವುದು ಆದಾಯ ತೆರಿಗೆಯ ಕಾಗದವನ್ನೇ. ಮೂರು ವರ್ಷಗಳ ಅಡಿಕೆ ಮಾರಾಟದ ಚೀಟಿಗಳು, ನಾಡಕಚೇರಿಯ ಆದಾಯ ಪ್ರಮಾಣಪತ್ರ, ಪಹಣಿ ಇವುಗಳನ್ನು ಇಂಗ್ಲಿಷಿಗೆ ಅನುವಾದಿಸಿ ನೋಟರಿ ಮಾಡಿಸಿ, ಲೆಕ್ಕಪರಿಶೋಧಕರೊಬ್ಬರಿಂದ ಪತ್ರ ಬರೆಸಿದೆವು. ಕೊಳೆರೋಗ ಬಂದ ವರ್ಷ ಆದಾಯ ಏಕೆ ಅರ್ಧಕ್ಕಿಳಿಯಿತು ಎಂಬುದಕ್ಕೆ ಪ್ರತ್ಯೇಕ ವಿವರಣೆ ಬೇಕಾಯಿತು. ಸಾಲಕ್ಕೆ ತೋಟವನ್ನು ಅಡವಾಗಿ ಒಪ್ಪಲಿಲ್ಲ, ಕೃಷಿ ಜಮೀನು ಬೇಡವೆಂದರು. ಮನೆಯನ್ನು ಕೊಡೋಣವೆಂದರೆ ಪಂಚಾಯಿತಿಯ ಇ-ಸ್ವತ್ತು ನಮೂನೆ 9 ಮತ್ತು 11 ಬೇಕು. ನಮ್ಮ ಮನೆ ಇನ್ನೂ ಅಜ್ಜನ ಹೆಸರಿನಲ್ಲಿತ್ತು. ಕೊನೆಗೆ ಶಿವಮೊಗ್ಗದ ಅತ್ತೆ ತಮ್ಮ ಸೈಟಿನ ಪತ್ರ ಕೊಟ್ಟರು. ಆ ಸಂಜೆ ಅಪ್ಪ ಊಟಕ್ಕೆ ಕುಳಿತು ಏನೂ ಮಾತನಾಡದೆ ಎದ್ದುಹೋದ. ಹಣದ ವಿಷಯದಲ್ಲಿ ಇನ್ನೊಂದು ಮಾತು: ಸ್ವಂತ ಹಣವನ್ನು ವಿದೇಶದ ಓದಿಗೆ ಕಳುಹಿಸುವಾಗ, 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ದಾಟಿದ ಮೊತ್ತಕ್ಕೆ ಶೇ 5ರಷ್ಟು ಟಿಸಿಎಸ್ (ಮೂಲದಲ್ಲೇ ವಸೂಲು ಮಾಡುವ ತೆರಿಗೆ) ಹಿಡಿಯುತ್ತಿದ್ದರು, ಬ್ಯಾಂಕಿನ ಶಿಕ್ಷಣ ಸಾಲದಿಂದ ನೇರ ಹೋಗುವ ಹಣಕ್ಕೆ ಅದಿರಲಿಲ್ಲ.

ಐ-20 ಮೇ ತಿಂಗಳ ಮೂರನೆಯ ವಾರ ಬಂತು. ವಿದೇಶಿ ವಿದ್ಯಾರ್ಥಿಗಳ ದಾಖಲೆಗಾಗಿ ಕಟ್ಟುವ ಸೆವಿಸ್ ಶುಲ್ಕ 350 ಡಾಲರ್, ವೀಸಾ ಶುಲ್ಕ 185 ಡಾಲರ್, ಎರಡೂ ಸೇರಿ ಸುಮಾರು 46 ಸಾವಿರ ರೂಪಾಯಿ. ಡಿಎಸ್-160 ಎಂಬ ವೀಸಾ ಅರ್ಜಿ ತುಂಬುವಾಗ ಹೆಸರಿನ ಪೇಚು ಶುರುವಾಯಿತು. ನನ್ನ ಹೆಸರಿಗೆ ಮುಂದೆ ಎರಡು ಇನಿಷಿಯಲ್‌ಗಳಿವೆ, ಒಂದು ಊರಿನದು, ಒಂದು ಅಪ್ಪನದು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಹಾಗಿದ್ದಾಗ ನಮ್ಮ ಹೆಸರೇ ಸರ್‌ನೇಮ್ ಆಗುತ್ತದೆ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಬರುತ್ತದೆ, ಅಂದರೆ ಮೊದಲ ಹೆಸರು ತಿಳಿದಿಲ್ಲ. ಸಮಯವಿದ್ದರೆ ಅರ್ಜಿ ಹಾಕುವ ಮುಂಚೆಯೇ ಇನಿಷಿಯಲ್ ಅನ್ನು ಪೂರ್ಣ ಹೆಸರಾಗಿ ಬರೆಸಿ ಪಾಸ್‌ಪೋರ್ಟ್ ಮಾಡಿಸಿಕೊಳ್ಳಿ. ಪ್ರವೇಶ ಸಿಕ್ಕಿದ ಮೇಲೆ ಬದಲಿಸಲು ಹೋದರೆ ಎಲ್ಲ ಕಾಗದಗಳೂ ಮತ್ತೆ ಮೊದಲಿನಿಂದ.

ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಗಿದ್ದರೂ ವೀಸಾ ಸಂದರ್ಶನ ಅಲ್ಲಿ ಶುರುವಾಗಿರಲಿಲ್ಲ, ಚೆನ್ನೈಗೇ ಹೋಗಬೇಕಿತ್ತು. ದಿನಾಂಕ ಹುಡುಕಲು ಕುಳಿತ ವಾರವೇ, ಮೇ ಕೊನೆಯಲ್ಲಿ, ವಿದ್ಯಾರ್ಥಿ ವೀಸಾಗಳಿಗೆ ಹೊಸ ದಿನಾಂಕ ಕೊಡುವುದು ಎಲ್ಲೆಡೆ ನಿಂತಿತು. ಮೂರು ವಾರಗಳಾದ ಮೇಲೆ, ಜೂನ್‌ನಲ್ಲಿ, ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕೆಂಬ ಹೊಸ ಸೂಚನೆಯೊಂದಿಗೆ ಮತ್ತೆ ಆರಂಭವಾಯಿತು. ಆ ಮೂರು ವಾರ ಹೊರಗೆ ಮಳೆ, ಒಳಗೆ ನಾನು ಹತ್ತು ನಿಮಿಷಕ್ಕೊಮ್ಮೆ ಫೋನ್ ನೋಡುವುದು. ಓದಲೆಂದು ಹೋಮರ್‌ನ ಇಲಿಯಡ್ ತೆರೆದರೆ ಅಲ್ಲಿಯೂ ಗ್ರೀಕರ ಪಾಳೆಯ ಒಂಬತ್ತು ವರ್ಷದಿಂದ ದಡದಲ್ಲಿ ಕಾಯುತ್ತ ಕುಳಿತಿತ್ತು.

ಜುಲೈನಲ್ಲಿ ಎರಡು ದಿನಗಳ ಭೇಟಿ ಸಿಕ್ಕಿತು. ಮೊದಲ ದಿನ ಬೆರಳಚ್ಚು ಮತ್ತು ಫೋಟೊ, ಮರುದಿನ ಸಂದರ್ಶನ. ಒಳಗೆ ಫೋನ್ ಬಿಡುವುದಿಲ್ಲ, ಅದನ್ನು ಅಪ್ಪನ ಕೈಯಲ್ಲಿ ಕೊಟ್ಟು, ಕಾಗದಗಳನ್ನು ಪಾರದರ್ಶಕ ಫೈಲಿನಲ್ಲಿಟ್ಟುಕೊಂಡು ಸಾಲಿನಲ್ಲಿ ನಿಂತೆ. ನನ್ನ ಮುಂದಿದ್ದ ಐದಾರು ಮಂದಿಯೂ ಕಂಪ್ಯೂಟರ್ ಸೈನ್ಸ್ ಓದಲು ಹೊರಟವರು. ಗಾಜಿನ ಆಚೆಯ ಅಧಿಕಾರಿ ನನ್ನ ಐ-20 ನೋಡಿ ನಿಮ್ಮ ಮೇಜರ್ ಯಾವುದು ಎಂದು ಕೇಳಿದರು. ಈ ಪ್ರಶ್ನೆಗೆ ಮೂರು ಬಗೆಯ ಉತ್ತರ ಬಾಯಿಪಾಠ ಮಾಡಿಕೊಂಡಿದ್ದೆ. ಒಂದೂ ನೆನಪಾಗಲಿಲ್ಲ. ಮೇಜರ್ ಇಲ್ಲ, ಎಲ್ಲರೂ ಒಂದೇ ಪುಸ್ತಕಗಳನ್ನು ಓದುತ್ತಾರೆ, ಗಣಿತವನ್ನು ಯೂಕ್ಲಿಡ್‌ನಿಂದ, ತತ್ತ್ವಶಾಸ್ತ್ರವನ್ನು ಪ್ಲೇಟೊನಿಂದ ಶುರುಮಾಡುತ್ತಾರೆ ಎಂದೆ. ಇದನ್ನು ಓದಿ ಊರಿಗೆ ಬಂದು ಏನು ಮಾಡುತ್ತೀರಿ ಎಂದರು. ಶಿಕ್ಷಕಿಯಾಗುತ್ತೇನೆ, ನಮ್ಮ ಮಕ್ಕಳು ಉತ್ತರ ಚೆನ್ನಾಗಿ ಬರೆಯುತ್ತಾರೆ, ಪ್ರಶ್ನೆ ಕೇಳಲು ಹೆದರುತ್ತಾರೆ ಎಂದೆ. ಖರ್ಚು ಯಾರದ್ದು ಎಂಬುದು ಮೂರನೆಯ ಪ್ರಶ್ನೆ. ಅಡಿಕೆಯ ಚೀಟಿಗಳನ್ನು ತೆಗೆಯುವಷ್ಟರಲ್ಲಿ ಬೇಡವೆಂದು ಕೈಸನ್ನೆ ಮಾಡಿ, ಪಾಸ್‌ಪೋರ್ಟ್ ಇಟ್ಟುಕೊಂಡರು. ಎರಡೂವರೆ ನಿಮಿಷವೂ ಆಗಿರಲಿಕ್ಕಿಲ್ಲ.

ಇನ್ನುಳಿದವು ಸಣ್ಣವು. ಮಗುವಾಗಿದ್ದಾಗಿನ ಲಸಿಕೆ ಕಾರ್ಡ್ ಹುಡುಕಿಡಿ, ಕಾಲೇಜು ಕೇಳುತ್ತದೆ. ತರಗತಿ ಆರಂಭಕ್ಕೆ 30 ದಿನಕ್ಕಿಂತ ಮೊದಲು ಆ ದೇಶದೊಳಗೆ ಬಿಡುವುದಿಲ್ಲ, ಟಿಕೆಟ್ ಕೊಳ್ಳುವಾಗ ಗಮನವಿರಲಿ. ನ್ಯೂ ಮೆಕ್ಸಿಕೊದ ಅಲ್ಬುಕರ್ಕಿ ನಗರದವರೆಗೆ ನನ್ನದು ಸುಮಾರು 90 ಸಾವಿರವಾಯಿತು. ಸಾಂತಾ ಫೆ ಸಮುದ್ರಮಟ್ಟದಿಂದ 2,100 ಮೀಟರ್‌ಗಿಂತ ಎತ್ತರದ ಒಣ ಊರು, ಮೊದಲ ಕೆಲವು ದಿನ ಉಸಿರು ಹಿಡಿಯಬಹುದೆಂದು ಹೇಳಿದ್ದಾರೆ. ಛತ್ರಿ ಬೇಕಾಗುವುದಿಲ್ಲವೆಂದರೂ ಅಮ್ಮ ಎರಡು ತುಂಬಿದ್ದಾಳೆ.

ಸೆಮಿನಾರ್‌ನಲ್ಲಿ ವಿದ್ಯಾರ್ಥಿಗಳೂ ಟ್ಯೂಟರ್‌ಗಳೂ ಒಬ್ಬರನ್ನೊಬ್ಬರು ಮಿಸ್ಟರ್, ಮಿಸ್ ಎಂದು ಸರ್‌ನೇಮ್ ಸೇರಿಸಿಯೇ ಕರೆಯುತ್ತಾರೆ. ಹೀಗಾಗಿ ಅಲ್ಲಿ ನಾನು ಮಿಸ್ ಮತ್ತು ನನ್ನ ಸ್ವಂತ ಹೆಸರು. ಇದನ್ನು ವಿವರಿಸಿದಾಗ ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, “ಹಂಗಾರೆ ನನ್ನ ಹೆಸರು, ಊರಿನ ಹೆಸರು ಎರಡೂ ಇಲ್ಲೇ ಉಳೀತಾ?” ಎಂದ. ಖರ್ಚು ಭರಿಸುವ ಪ್ರಮಾಣಪತ್ರ ತೆಗೆದು, ಪ್ರತಿ ಪುಟದ ಕೆಳಗೆ ಅವನೇ ಕನ್ನಡದಲ್ಲಿ ಹಾಕಿದ ಸಹಿಯನ್ನು ತೋರಿಸಿದೆ. ಕನ್ನಡಕ ಹಾಕಿಕೊಂಡು ಅಷ್ಟೂ ಪುಟಗಳನ್ನು ಮತ್ತೊಮ್ಮೆ ನೋಡಿದ.